ಪ್ರಸಾದವಾದ ಗುಳಿಗೆ

ಬಳ್ಳಾರಿ, ಆಸ್ಪತ್ರೆಯ ಮಕ್ಕಳ ವಾರ್ಡು
೧೪-೧೦-೧೯೮೨, ಗುರುವಾರ

ಪ್ರೀತಿಯ ತಮ್ಮ ಸಿದ್ದೂಗೆ ಅಕ್ಕನ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ಸೊಲ್ಲಾಪುರದ ಗಿರಣಿಯ ಹತ್ತಿಧೂಳಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೇ? ಬಿಸಿನೀರು ಕುಡಿ. ನಾನೂ ನಿನ್ನ ಭಾವನೂ ಚೆನ್ನಾಗಿದ್ದೇವೆ. ನಿನ್ನ ಮಗಳು ಅಂಬಿ ಮಾತ್ರ ಚೆನ್ನಾಗಿಲ್ಲ. ಮತ್ತೆ ಮಲೇರಿಯಾ. ಊರು ರಾರಾವಿಯಿಂದ ನಿನ್ನ ಹೆಂಡತಿ ಚನ್ನಬಸಮ್ಮ ಅವಳನ್ನು ಎತ್ತಿಕೊಂಡು ಬಸ್ಸಿನಲ್ಲಿ ನನ್ನ ಮನೆಗೆ ಬಂದಾಗ ಮಗು ಕಣ್ಣು ಬಿಡುತ್ತಿರಲಿಲ್ಲ. ಚನ್ನಬಸಮ್ಮ ಊಟ ಬಿಟ್ಟು ಮಂಚದ ಪಕ್ಕ ಕೂತಿದ್ದಾಳೆ. ಬೈದು ಎರಡು ತುತ್ತು ತಿನ್ನಿಸಿದೆ.

ಈಗ ನಮ್ಮ ಅಪ್ಪನ ಘನಕಾರ್ಯ ಕೇಳು. ನೀನು ಚೌತಿಗೆ ಬಂದಿದ್ದಾಗಲೇ ಅಂಬಿಗೆ ಮೊದಲ ಜ್ವರ ಬಂದಿತ್ತಲ್ಲ. ಮಲೇರಿಯಾದವರು ರಕ್ತ ಪರೀಕ್ಷೆ ಮಾಡಿಸಿ, ಗುಳಿಗೆ ಕೊಟ್ಟು, ಎಲ್ಲವನ್ನೂ ನುಂಗಿಸಿ ಮುಗಿಸಲೇಬೇಕೆಂದು ಹೇಳಿದ್ದರು. ಮೊದಲ ದಿನವೇ ಮೈ ತಣ್ಣಗಾಯಿತು. ಅಷ್ಟಕ್ಕೇ ಅಪ್ಪ ಡಾಕ್ಟರಾದ. ಮಿಕ್ಕ ಗುಳಿಗೆಗಳನ್ನು ದೇವರ ಜಗುಲಿಯ ಮೇಲಿಟ್ಟು, ವಿಭೂತಿ ಹಚ್ಚಿ, ಮನೆಯವರಿಗೆಲ್ಲ ಹಂಚಿದ. "ಜ್ವರ ಎಲ್ಲಾರಿಗೂ ಬರೋದೈತಿ, ಒಬ್ಬಾಕಿಗೇ ಯಾಕ ಅಷ್ಟು ಗುಳಿಗಿ?" ಅಂದನಂತೆ. ಎಂಥ ಸಮಭಾವ. ಜ್ವರವೇ ಇಲ್ಲದ ನಮ್ಮ ಚಿಕ್ಕಪ್ಪ ಮೈಲಾರಪ್ಪನೂ ಕೈಯೊಡ್ಡಿ, ಕಣ್ಣಿಗೊತ್ತಿಕೊಂಡು ನುಂಗಿದನಂತೆ. ಎತ್ತುಗಳಿಗೆ ಹಾಕಲಿಲ್ಲ, ಅವುಗಳ ಪುಣ್ಯ.

ಜ್ವರ ಮತ್ತೆ ಬಂತು. ಈ ಸಲ ಮಲೇರಿಯಾದವರು ಮತ್ತೆ ಕೊಟ್ಟ ಅದೇ ಗುಳಿಗೆಯನ್ನು ಚನ್ನಬಸಮ್ಮ ಪೂರ್ತಿ ನುಂಗಿಸಿದಳು. ಜ್ವರ ಜಪ್ಪಯ್ಯ ಅನ್ನಲಿಲ್ಲ. ಇಲ್ಲಿನ ಡಾಕ್ಟರು ನನಗೆ ತಿಳಿಯುವ ಹಾಗೆ ಹೇಳಿದರು. ಔಷಧಿ ಅರ್ಧಕ್ಕೆ ನಿಂತರೆ ಬಡಕಲು ರೋಗಾಣುಗಳು ಸಾಯುತ್ತವೆ, ಔಷಧಿಗೆ ಜಗ್ಗದ ಗಟ್ಟಿಪಿಂಡಗಳು ಉಳಿಯುತ್ತವೆ, ಅವುಗಳ ಸಂತಾನವೂ ಹಾಗೆಯೇ. ಸೊಳ್ಳೆ ಅವನ್ನೇ ಹೊತ್ತು ಪಕ್ಕದ ಮನೆಗೂ ಒಯ್ಯುತ್ತದೆ. ಭತ್ತದ ಗದ್ದೆಯಲ್ಲಿ ಒಂದು ಎಸಳು ಕಳೆ ಬಿಟ್ಟರೆ ಆಳಿನ ವಂಶವನ್ನೇ ಬಯ್ಯುವ ನಮ್ಮಪ್ಪ, ಮೊಮ್ಮಗಳ ರಕ್ತದಲ್ಲಿ ಕಳೆಯನ್ನು ಬೀಜಕ್ಕೆ ಬಿಟ್ಟ. ಈ ರೋಗ ನಿಮ್ಮ ಮನೆಯಲ್ಲೇ ಹೀಗೆ ಗಟ್ಟಿಯಾಯಿತೋ, ಹೊರಗಿನಿಂದ ಹಾಗೇ ಬಂತೋ ಹೇಳಲಾಗದು ಎಂದೂ ಡಾಕ್ಟರು ಅಂದರು. ಊರಿಂದ ಜೊತೆಗೇ ಬಂದಿರುವ ಅಪ್ಪ ಅದೊಂದನ್ನೇ ಕೇಳಿಸಿಕೊಂಡು ಮೀಸೆ ತಿರುವಿದ. ಅರ್ಧ ಕಲಿತವನ ಅಬ್ಬರ ಹೆಚ್ಚು ಅಂತಾರೆ, ಇವನು ಕಾಲುಭಾಗವೂ ಕಲಿತಿಲ್ಲ.

ಈಗ ಬಾಟಲಿಯಲ್ಲಿ ಕ್ವಿನೈನ್ ಏರಿಸುತ್ತಿದ್ದಾರೆ. ಉಳಿಯುತ್ತಾಳೆಂದು ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ. ನನಗೆ ಭಯವಾಗಿದೆ ಸಿದ್ದೂ. ತಂತಿಯಲ್ಲಿ ಬಯ್ಯಲು ಜಾಗವಿರುವುದಿಲ್ಲ, ಅದಕ್ಕೇ ಈ ಕಾಗದವನ್ನು ಲಾರಿಯ ಸುಂಕಣ್ಣನ ಕೈಯಲ್ಲಿ ಕಳಿಸಿದ್ದೇನೆ. ಅವನ ಜೊತೆಗೇ ಹೊರಟು ಬಾ.

ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ. ಬುದ್ಧಿ ಮಿಕ್ಕಿದ್ದರೆ ಅಪ್ಪನಿಗೂ ಒಂದಿಷ್ಟು ಕೊಡಲಿ.

ನಿನ್ನ ಅಕ್ಕ,
ಅಕ್ಕನಾಗಮ್ಮ

ತಾ.ಕ.: ಸುಂಕಣ್ಣ ಹೊರಗೆ ಹಾರನ್ ಹೊಡೆಯುತ್ತಿದ್ದಾನೆ. ಅಪ್ಪ ಈಗಷ್ಟೇ ಬಾಯಿಬಿಟ್ಟ. ಹಂಚಿದ್ದರಲ್ಲಿ ದೊಡ್ಡ ಪಾಲು ದೂರದೂರಿನ ಮಗನಿಗೆಂದು, ಚೌತಿ ಮುಗಿಸಿ ನೀನು ಹೊರಟಾಗ ನಿನಗೇ ಕಟ್ಟಿಕೊಟ್ಟಿದ್ದನಂತೆ. ನಿನ್ನ ಟ್ರಂಕಿನಲ್ಲಿ ವಿಭೂತಿಯ ಪೊಟ್ಟಣ ಬಿಚ್ಚಿ ನೋಡು. ಏನಿದು, ಯಾರದು ಎಂದು ನೀನೂ ಕೇಳಲಿಲ್ಲ. ಆ ಬಿಳಿ ಗುಳಿಗೆಗಳು ನಿನ್ನ ಮಗಳವು.