ಮಾಯಾಳ ಪುಸ್ತಕಕ್ಕೆ ಹತ್ತಿದ ಕುಂಕುಮ

ಡಿಸೆಂಬರ್ 1, 1996, ಭಾನುವಾರ
ಫೇರ್‌ಫ್ಯಾಕ್ಸ್

ಪುಸ್ತಕ ಹಾಳಾಯಿತು. ಹಾಳು ಮಾಡಿದವಳು ನಾನೇ.

ಡರ್ಹಮ್‌ನಲ್ಲಿರುವ ತಮ್ಮನ ಮಗಳು ಮಾಯಾಗೆ, ಯಹೂದಿಗಳ ದೀಪದ ಹಬ್ಬವಾದ ಹನುಕ್ಕಾದ ಪುಸ್ತಕ ಆರಿಸುತ್ತ ಮಧ್ಯಾಹ್ನವೆಲ್ಲ ಅಂಗಡಿಯ ನೆಲದ ಮೇಲೆ ಕೂತಿದ್ದೆ. ಒಂದರಲ್ಲಿ ಬರೀ ಹಬ್ಬದ ಹಿನ್ನೆಲೆಯ ಯುದ್ಧ, ಕತ್ತಿ. ನಾಲ್ಕು ವರ್ಷದ ಮಗು ಹೆದರೀತು. ಇನ್ನೊಂದರ ದೀಪಗಳು ಹಿಡಿಸಿದವು. ದೀಪಾವಳಿಯ ಹಾಗೆ ಕಂಡದ್ದಕ್ಕೇ ಹಿಡಿಸಿದವೇನೋ ಎಂಬ ಅನುಮಾನ ಬಂದು ಕೆಳಗಿಟ್ಟೆ. ಹಬ್ಬಕ್ಕೆ ಆಲೂಗಡ್ಡೆ ವಡೆ ಕರಿಯುವ ಅಜ್ಜಿಯರ ಪುಸ್ತಕಗಳನ್ನೆಲ್ಲ ದಾಟಿದ ಮೇಲೆ, ಒಂದರಲ್ಲಿ ಹಬ್ಬಕ್ಕೆ ರೈಲಿನಲ್ಲಿ ಬರುವ ಒಬ್ಬ ಅತ್ತೆ ಸಿಕ್ಕಳು.

ತಮ್ಮ ಯಶವಂತ ತೀರಿಕೊಂಡ ಮೇಲೆ ಅವನ ಹೆಂಡತಿ ಲೀಯಾ ಕೇಳಿಕೊಂಡದ್ದು ಒಂದೇ: ಮಾಯಾ ಯಹೂದಿಯಾಗಿ ಬೆಳೆಯುತ್ತಾಳೆ, ನಿಮ್ಮ ದೇವರುಗಳನ್ನು ಕಳಿಸಬೇಡಿ. ಕಳೆದ ವರ್ಷ ನಾನು ಕಳಿಸಿದ ಗಣಪತಿಯ ಪುಸ್ತಕ ಹಿಂದಕ್ಕೆ ಬಂತು. ಈ ಸಲ ಅವರ ಹಬ್ಬದ್ದನ್ನೇ ಕಳಿಸಿದರೆ ಮಗುವಿನ ದನಿ ಫೋನಿನಲ್ಲಾದರೂ ಕೇಳಿಸೀತು ಎಂದುಕೊಂಡಿದ್ದೆ.

ಹೊಸದೇನು ತಂದರೂ ದೇವರ ಮುಂದಿಡುವುದು ರೂಢಿ. ಇಟ್ಟೆ. ಬೆರಳು ತನ್ನಷ್ಟಕ್ಕೆ ಕುಂಕುಮ ಅದ್ದಿ ಮೊದಲ ಪುಟದ ಮೂಲೆಗೆ ಹಚ್ಚಿಬಿಟ್ಟಿತು.

"ಓ ಗಾಡ್, ಅಮ್ಮ! ಹನುಕ್ಕಾ ಬುಕ್‌ಗೂ ಪೂಜೆ ಮಾಡಿದ್ಯಾ?" ಮಗಳು ಇಶಾ ನಕ್ಕಳು. ಆಮೇಲೆ ನನ್ನ ಮುಖ ನೋಡಿ, "ಕೊಡು, ವೈಪ್ ಮಾಡ್ತೀನಿ," ಎಂದಳು.

ಒರೆಸಿದಷ್ಟೂ ಹರಡಿತು, ಅತ್ತೆಯ ರೈಲಿನವರೆಗೂ.

ನಾಳೆ ಇನ್ನೊಂದು ಪ್ರತಿ ತರಬಹುದು. ಗುರುವಾರದ ಹಬ್ಬಕ್ಕೆ ತಲುಪಲೂಬಹುದು. ಆದರೆ ದೇವರ ಮುಂದೆ ಇಡದೆ, ಬೊಟ್ಟು ಹಚ್ಚದೆ ಕಳಿಸುವ ಪುಸ್ತಕವನ್ನು ಯಾರು ಬೇಕಾದರೂ ಕಳಿಸಬಹುದಲ್ಲ. ಅದನ್ನು ನೋಡಿ ಆ ಮಗುವಿಗೆ ಅತ್ತೆ ಎಂಬುವಳೊಬ್ಬಳು ಇದ್ದಾಳೆಂದು ಹೇಗೆ ಗೊತ್ತಾಗಬೇಕು?