ದಹಿಸರ್ ಸ್ಟೇಷನ್ನಿನ ಹುಡುಗಿ

ನವೆಂಬರ್ ೨೧, ಗುರುವಾರ. ಸಯನ್, ಮುಂಬಯಿ.

ನಾವು ಇಳಿದುಕೊಂಡಿರುವ ಜಾಗ ಆ ಮನುಷ್ಯನಿಗೆ ಹೇಗೆ ಗೊತ್ತಾಯಿತು? ಬಾಗಿಲಿನ ಚಿಲಕವನ್ನು ಮೂರು ಸಲ ನೋಡಿ ಬಂದೆ.

ಬೆಳಿಗ್ಗೆ ಮಂಗಳೂರಿನಿಂದ ಬಂದಿರುವ ನಮ್ಮ ಚರ್ಚ್ ಸಭೆಯವರೆಲ್ಲ ದಹಿಸರ್ ಸ್ಟೇಷನ್ನಿನಲ್ಲಿ ಮಾನವ ಕಳ್ಳಸಾಗಣೆಯ ಬಗ್ಗೆ ಕರಪತ್ರ ಹಂಚುತ್ತಿದ್ದೆವು. ಹದಿನೈದರ ಹುಡುಗಿಯೊಬ್ಬಳು ಅದರ ಕನ್ನಡ ಸಾಲುಗಳ ಮೇಲೆ ಬೆರಳಿಟ್ಟು ಓದತೊಡಗಿದಳು. ಜೊತೆಗಿದ್ದವನು ಅದನ್ನು ಕಿತ್ತುಕೊಂಡ.

"ಇವರು ಯಾರಮ್ಮ?" ಎಂದೆ.

"ಗೊತ್ತಿಲ್ರೀ. ನಮ್ಮೂರ ಅಕ್ಕ ಇವರ ಕೂಡ ಕಳಿಸ್ಯಾಳ. ಪಾರ್ಲರ್‌ನಾಗ ಕೆಲಸ ಐತಂತ."

ಅವಳ ಕೈ ಹಿಡಿದುಕೊಂಡೆ. ಪಾಸ್ಟರ್ ರೋಶನ್ ರೈಲ್ವೆ ಪೊಲೀಸರನ್ನು ಕರೆತರಲು ಓಡಿದರು. ಅಷ್ಟರಲ್ಲಿ ಅವನು ನನ್ನತ್ತ ಬಾಗಿ, ನಮ್ಮೂರಿನದೇ ಕನ್ನಡದಲ್ಲಿ ಮೆಲ್ಲಗೆ ಹೇಳಿದ: "ನೀವು ಸಯನ್ನಿನಲ್ಲಲ್ವಾ ಇರುವುದು? ಬರ್ತೇನೆ ನಾನು." ಮತ್ತೆ ಜನರ ನಡುವೆ ಮಾಯವಾದ.

ಹುಡುಗಿಯ ಹೆಸರು ದುರ್ಗವ್ವ. ಈಗ ಬಾಲಕಿಯರ ಆಶ್ರಯಧಾಮದಲ್ಲಿದ್ದಾಳೆ. ತಾಯಿ ಬಾದಾಮಿಯಿಂದ ಹೊರಟಿದ್ದಾಳೆ, ನಾಡಿದ್ದು ತಲುಪುತ್ತಾಳೆ. ಪೊಲೀಸರಿಗೆ ಎಲ್ಲವನ್ನೂ ಹೇಳಿದ್ದೇವೆ. ರೋಶನ್ ನನ್ನನ್ನು ನಾಳೆಯೇ ಊರಿಗೆ ಕಳಿಸುತ್ತಾರಂತೆ, ಟಿಕೆಟ್ಟೂ ಆಗಿದೆ.

ಪ್ರಾರ್ಥನೆಗೆ ಕೂತರೂ ಕಿವಿ ಬಾಗಿಲ ಕಡೆಗೇ. ಮೆಟ್ಟಿಲಲ್ಲಿ ಯಾರದೋ ಚಪ್ಪಲಿ ಸದ್ದಾದರೂ ಎದ್ದು ಹೋಗಿ ಚಿಲಕ ನೋಡುತ್ತೇನೆ. ಹೊರಟುಬಿಡಬೇಕು ಎನ್ನಿಸುತ್ತದೆ, ನಿಜ.

ಆದರೆ ಬಿಟ್ಟು ಬರುವಾಗ ಆ ಹುಡುಗಿ ನನ್ನ ದುಪಟ್ಟಾ ಹಿಡಿದುಕೊಂಡು, "ಅವ್ವ ಬರೋತನಕಾ ದಿನಾ ಬರ್ತೀರಿಲ್ರೀ?" ಎಂದಳು. ಹೂಂ ಎಂದುಬಿಟ್ಟೆ. ಈಗ ರೋಶನ್ ಅವರಿಗೆ ಟಿಕೆಟ್ ರದ್ದು ಮಾಡಿ ಎಂದು ಹೇಗೆ ಹೇಳುವುದು? ಹೇಗಾದರೂ ಬೆಳಿಗ್ಗೆ ಹೇಳಲೇಬೇಕು.