ಹುಳ ಹಣ್ಣಾದ ವಾರ

ಮೇಷ್ಟ್ರೇ,

ನೀವಿದ್ದಿದ್ದರೆ ಎದುರು ನಿಂತು ಇದನ್ನು ಹೇಳುವ ಧೈರ್ಯ ನನಗೆ ಬರುತ್ತಿರಲಿಲ್ಲ. ನಿಮ್ಮ ಈ ಶಿಷ್ಯೆ ಶಿಡ್ಲಘಟ್ಟದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿ ಹನ್ನೊಂದು ವರ್ಷವಾಯಿತು. ಹೋದ ತಿಂಗಳು ನಾನು ಮಾಡಿದ್ದನ್ನು ನೆನೆದರೆ ನನಗೇ ಹೇಸಿಗೆಯಾಗುತ್ತದೆ.

ಗೌರಿಬಿದನೂರಿನಲ್ಲಿ ನೀವು 'ಹಣ್ಣು' ಅಂದರೇನು ಎಂದು ಕೇಳಿದ ಆ ಮಧ್ಯಾಹ್ನ ನೆನಪಿದೆಯೇ? "ತಿನ್ನೋದು ಸಾರ್" ಎಂದೆ ನಾನು. "ಅಷ್ಟೇನಾ? ಬಿಸಿಲಲ್ಲಿ ನಡ್ಕೊಂಡು ಬಂದು ಹಣ್ಣಾದೆ ಅಂತಾರಲ್ಲ ನಿಮ್ಮಜ್ಜಿ, ಅವರನ್ನ ತಿಂತೀಯೇನಮ್ಮ?" ಎಂದಿರಿ. ಕ್ಲಾಸೆಲ್ಲ ನಕ್ಕಿತು. ಹಣ್ಣೆಲೆ, ಹಣ್ಣು ಹಣ್ಣು ಮುದುಕ, ಹೊಡೆದು ಹಣ್ಣುಗಾಯಿ ನೀರುಗಾಯಿ ಮಾಡೋದು... ಬೋರ್ಡು ಸಾಲಲಿಲ್ಲ. ಕವಿ ಈ ಒಂದು ಪದ ಬರೆದರೆ ಇವೆಲ್ಲ ಒಟ್ಟಿಗೆ ಬಂದು ಕೂರುತ್ತವೆ, ಒಂದನ್ನು ಇಟ್ಟುಕೊಂಡು ಉಳಿದವನ್ನು ಅಟ್ಟಬೇಡಿ ಎಂದಿರಿ. ಯಾರ ಉತ್ತರದ ಮೇಲೂ ನೀವು ಗೆರೆ ಎಳೆದವರಲ್ಲ. ಪಕ್ಕದಲ್ಲಿ ಪೆನ್ಸಿಲಿನಲ್ಲಿ 'ಹೌದಾ? ಎಲ್ಲಿ ಕೇಳಿದೆ?' ಎಂದು ಬರೆಯುತ್ತಿದ್ದಿರಿ. ನಾವು ಹೋಗಿ ಹೇಳಿದ ಮೇಲೆಯೇ ಅಂಕ.

ಹೋದ ತಿಂಗಳ ಕಿರುಪರೀಕ್ಷೆ. ಪಾಠದ ಕತೆಯಲ್ಲಿ ಮಕ್ಕಳನ್ನು ಸಾಕುತ್ತ ಸಾಕುತ್ತ 'ತಾಯಿ ಹಣ್ಣಾದಳು' ಎಂದು ಬರುತ್ತದೆ. ಹಾಗೆಂದರೇನು? ಮಾದರಿ ಉತ್ತರ: ದಣಿದಳು. ರೇಷ್ಮೆ ಹುಳ ಸಾಕುವ ಮನೆಯ ಹುಡುಗಿ ಮಂಜುಳ ಬರೆದಿದ್ದಳು: "ಹುಳ ಹಣ್ಣಾದ ಮೇಲೆ ಸೊಪ್ಪು ಮುಟ್ಟಲ್ಲ. ತಲೆ ಎತ್ತಿಕೊಂಡು ಗೂಡು ಕಟ್ಟೋಕೆ ಜಾಗ ಹುಡುಕುತ್ತೆ. ಆ ತಾಯಿಗೂ ಊಟದ ಆಸೆ ಹೋಗಿತ್ತು, ಗೂಡೊಂದೇ ಬೇಕಿತ್ತು." ನಾನೇನು ಮಾಡಿದೆ ಗೊತ್ತಾ? ಕೆಂಪು ಪೆನ್ನಿನಲ್ಲಿ ಮೂಲೆಯಿಂದ ಮೂಲೆಗೆ ಗೆರೆ. ಸೊನ್ನೆ. ಸಾಲದ್ದಕ್ಕೆ ಸ್ಟಾಫ್ ರೂಮಿನಲ್ಲಿ ಜೋರಾಗಿ ಓದಿದೆ. "ತಾಯಿನೇ ಹುಳ ಮಾಡ್ಬಿಟ್ಳಲ್ಲ ಮೇಡಂ!" ಎಂದು ಯಾರೋ ಅಂದರು. ಎಲ್ಲರಿಗಿಂತ ಹೆಚ್ಚು ನಕ್ಕವಳು...

ಮಾರನೇ ದಿನ ಹಾಜರಿ ಪುಸ್ತಕದೊಳಗೆ ಮಂಜುಳಳ ಹಳೆಯ ರಜಾ ಚೀಟಿ ಸಿಕ್ಕಿತು. 'ಮನೆಯಲ್ಲಿ ಹುಳ ಹಣ್ಣಾಗಿರುವುದರಿಂದ ಎರಡು ದಿನ ರಜೆ ಕೊಡಬೇಕು.' ಇಲ್ಲಿ ಮದುವೆಗೆ ರಜೆ ಕೊಡದಿದ್ದರೂ ಇದಕ್ಕೆ ಕೊಟ್ಟೇ ಕೊಡುತ್ತೇವೆ. ಹಣ್ಣಾದ ಹುಳಗಳನ್ನು ಹೊತ್ತಿಗೆ ಸರಿಯಾಗಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಬೆಳೆಯೇ ಹಾಳು, ಮನೆಮಂದಿಯೆಲ್ಲ ಕೂರಬೇಕು. ಚೀಟಿಯ ಕೆಳಗೆ ನನ್ನದೇ ಸಹಿ, ಪರೀಕ್ಷೆಗೆ ನಾಲ್ಕು ದಿನ ಮುಂಚಿನದು. ಚೀಟಿಯಲ್ಲಿ ಸರಾಗ ಅರ್ಥವಾದ ಮಾತು ಉತ್ತರಪತ್ರಿಕೆಗೆ ಬಂದ ಕೂಡಲೇ ತಪ್ಪಾಯಿತೇ? ಥೂ, ನಾನೆಂಥ ಟೀಚರ್ ಮೇಷ್ಟ್ರೇ!

ಅವಳನ್ನು ಕರೆದು, ತಪ್ಪು ನನ್ನದು, ಅಂಕ ತಿದ್ದುತ್ತೇನೆ ಎಂದೆ. "ಬಿಡಿ ಮಿಸ್, ಮುಂದಿನ ಸಲ ನಿಮ್ಮ ಉತ್ತರಾನೇ ಬರೀತೀನಿ" ಎಂದಳು. ಸಿಟ್ಟಿನಿಂದ ಅಂದಿದ್ದರೆ ವಾಸಿಯಿತ್ತು. ನನ್ನನ್ನು ಸಮಾಧಾನ ಮಾಡುವ ಹಾಗೆ ಅಂದಳು.

ನಿನ್ನೆ ಬೇಕೆಂದೇ ಅದೇ ಪ್ರಶ್ನೆ ಮತ್ತೆ ಕೊಟ್ಟೆ. ಒಂದೇ ಪದ ಬರೆದಿದ್ದಾಳೆ: ದಣಿದಳು. ಮುದ್ದಾದ ಅಕ್ಷರ. ಕೆಂಪು ಪೆನ್ನು ಬದಿಗಿಟ್ಟು, ಪೆನ್ಸಿಲು ಹುಡುಕಿ ಪಕ್ಕದಲ್ಲಿ ಬರೆದೆ: 'ಹೌದಾ? ನಿಮ್ಮನೇಲಿ ಏನಂತಾರೆ?'

ಪತ್ರಿಕೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು ಹೋದಳು. ಇನ್ನೂ ಬಂದು ಹೇಳಿಲ್ಲ. ಹೇಳುವವರೆಗೂ ಕೇಳುತ್ತೇನೆ, ಮೇಷ್ಟ್ರೇ.